ಅಪ್ಪನದಲ್ಲ, ಮಗನ ನಾಣ್ಯ

ಉಗುರಗಲದ ಈ ರೋಮನ್ ಕಂಚಿನ ನಾಣ್ಯದಲ್ಲಿ ‘ಕಾನ್‌ಸ್ಟಾಂಟಿನಸ್’ ಅಂತ ಓದಿದ ಕೂಡಲೇ ಮಹಾ ಕಾನ್‌ಸ್ಟಂಟೈನನದು ಎಂದು ಬರೆದಿಟ್ಟುಬಿಟ್ಟಿದ್ದೆ. ತಪ್ಪಾಯ್ತು. ಭೂತಗನ್ನಡಿ ಹಿಡಿದು ನೋಡಿದರೆ, ಹೆಸರಿನ ಬೆನ್ನಿಗೇ ‘ಐವಿಎನ್ ಎನ್ಒಬಿ ಸಿ’. ಅಂದರೆ ‘ಕಿರಿಯ, ಅತಿ ಕುಲೀನ ಸೀಸರ್’. ಪಟ್ಟವೇರುವ ಮೊದಲಿನ ಮಗ, ಎರಡನೇ ಕಾನ್‌ಸ್ಟಂಟೈನ್! ತಲೆಯನ್ನಾದರೂ ಸರಿಯಾಗಿ ನೋಡಬೇಕಿತ್ತು: ಈ ಮಾದರಿಯಲ್ಲಿ ಅಪ್ಪನಿಗೆ ಅಲಂಕೃತ ಕಿರೀಟಪಟ್ಟಿ, ಮಗನಿಗೆ ಬರೀ ಎಲೆಮಾಲೆ.

ಹಿಂಬದಿಯಲ್ಲಿ ಇಬ್ಬರು ಸೈನಿಕರು, ಸುತ್ತ ‘ಗ್ಲೋರಿಯಾ ಎಕ್ಸರ್ಸಿಟುಸ್’, ಸೇನೆಯ ಕೀರ್ತಿ. ಅವರ ನಡುವಿನ ಸೇನಾಧ್ವಜಗಳನ್ನು ಎಣಿಸಬೇಕು. ಎರಡಿದ್ದರೆ ಕ್ರಿ.ಶ. 330ರಿಂದ ಸುಮಾರು 335ರವರೆಗಿನದು. ಆಮೇಲೆ ನಾಣ್ಯದ ತೂಕ ಇಳಿಸಿದರು, ಧ್ವಜವೂ ಒಂದೇ ಆಯ್ತು. ಇದರಲ್ಲಿ ಎರಡಿವೆ. ಸೈನಿಕರ ಕಾಲಡಿಯ ‘ಎಸ್‌ಎಂಎಎನ್’ ಅಂತಿಯೋಕ್ ಟಂಕಸಾಲೆಯ ಗುರುತು, ಇವತ್ತಿನ ಟರ್ಕಿಯ ಅಂತಾಕ್ಯ.

ಹಳೇ ಚೀಟಿ ಹರಿದು ಹೊಸದು ಬರೆದೆ.