ವಾತಾಪಿ ಯಾಕೆ ಹೊರಗೆ ಬರಲಿಲ್ಲ?

ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತರೆ ಎರಡು ಬದಿಗೂ ಕೆಂಪು ಗುಡ್ಡ. ಒಂದು ವಾತಾಪಿ, ಇನ್ನೊಂದು ಇಲ್ವಲ ಎಂಬುದು ಊರ ಮಾತು. ವಾತಾಪಿ ಟಗರಾಗುತ್ತಿದ್ದ, ಅಣ್ಣ ಇಲ್ವಲ ಅದನ್ನು ಕೊಯ್ದು, ಬೇಯಿಸಿ ಅತಿಥಿಗೆ ಬಡಿಸುತ್ತಿದ್ದ. ಉಂಡಾದ ಮೇಲೆ ‘ವಾತಾಪೀ, ಬಾ’ ಎಂದು ಕರೆದರೆ ಉಂಡವನ ಹೊಟ್ಟೆ ಸೀಳಿ ತಮ್ಮ ಹೊರಬರುತ್ತಿದ್ದ. ಸತ್ತೂ ಸಾಯದ ಇಂಥವನನ್ನು ಅಗಸ್ತ್ಯ ಅರಗಿಸಿಕೊಂಡುಬಿಟ್ಟ. ಕೂಸಿನ ಹೊಟ್ಟೆ ಸವರುತ್ತ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಅನ್ನುವ ಅಜ್ಜಿಯರು ಈಗಲೂ ಇದ್ದಾರೆ.

ಇಲ್ವಲ ಏನಾದ? ರಾಮಾಯಣದ ಪ್ರಕಾರ ಅಗಸ್ತ್ಯನ ಕಣ್ಣಿನ ಕಿಚ್ಚಿಗೆ ಸುಟ್ಟುಹೋದ. ಮಹಾಭಾರತದಲ್ಲಿ ಬೆದರಿ, ಕೇಳಿದಷ್ಟು ಸಂಪತ್ತು ಕೊಟ್ಟ. ನನ್ನ ಓಟು ಮಹಾಭಾರತಕ್ಕೆ. ಕಣ್ಣಲ್ಲೇ ಸುಡಬಲ್ಲವನಿಗೆ ಅಷ್ಟು ಮಾಂಸ ತಿನ್ನುವ ತೊಂದರೆ ಯಾಕೆ ಬೇಕಿತ್ತು?

ಖಳನನ್ನು ಅವನ ಆಟದಲ್ಲೇ ಕೆಡವಬೇಕು ಅನ್ನುವ ಈ ನಿಯಮ ಬಾದಾಮಿಯ ಕಲ್ಲಿನಲ್ಲೂ ಇದೆ. ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ 3ನೇ ಗುಹೆಯಲ್ಲಿ ನರಸಿಂಹ ನಿಂತಿದ್ದಾನೆ. ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ, ಕರುಳಿನ ಮಾಲೆ ಇಲ್ಲ. ಕೆಲಸ ಮುಗಿಸಿ ದಣಿವಾರಿಸಿಕೊಳ್ಳುವವನ ನಿಲುವು. ಮನುಷ್ಯನಿಂದಲ್ಲ ಮೃಗದಿಂದಲ್ಲ, ಹಗಲಲ್ಲ ಇರುಳಲ್ಲ ಎಂದು ವರ ಬೇಡಿದವನು ತನ್ನ ಸಾವಿನ ನಕ್ಷೆಯನ್ನು ತಾನೇ ಬರೆದುಕೊಟ್ಟಿದ್ದ. ಶಿಲ್ಪಿ ಬರೀ ಉತ್ತರವನ್ನು ಕಂಡರಿಸಿದ. 2ನೇ ಗುಹೆಯ ತ್ರಿವಿಕ್ರಮನ ಕಾಲಡಿಯಲ್ಲಿ ಕೊಡೆ ಹಿಡಿದ ಕುಳ್ಳ ವಾಮನನಿದ್ದಾನೆ. ಬಲಿ ಸೋತದ್ದು ಕೊಟ್ಟ ಮಾತಿಗೆ.

ಜನಪದ ಕತೆ ಬೇರೆ ದಾರಿ ಹಿಡಿಯಿತು. ರಾಕ್ಷಸನ ಜೀವ ಏಳು ಸಮುದ್ರದಾಚೆ, ಪಂಜರದ ಗಿಳಿಯಲ್ಲಿ. ಜೀವವನ್ನು ಹಂಚಿ ಬಚ್ಚಿಟ್ಟ ಹ್ಯಾರಿ ಪಾಟರ್‌ನ ವೋಲ್ಡೆಮಾರ್ಟ್‌ನನ್ನು ಕಂಡು ನಮ್ಮ ಮಕ್ಕಳು ಬೆರಗಾದಾಗ ಅಜ್ಜಿಯರು ನಕ್ಕಿರಬೇಕು. ಜೈನರ ಲೆಕ್ಕ ಇನ್ನೂ ಕಟ್ಟುನಿಟ್ಟು: ಖಳನಾದ ಪ್ರತಿವಾಸುದೇವ ಎಸೆದ ಚಕ್ರ ಎದುರಾಳಿ ವಾಸುದೇವನ ಕೈಸೇರಿ, ಎಸೆದವನನ್ನೇ ಕೊಲ್ಲುತ್ತದೆ. ಹಾಗಾಗಿ ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ವಾಸುದೇವನಾದ ಲಕ್ಷ್ಮಣ.

ಇವರೆಲ್ಲರಿಗಿಂತ ನನಗೆ ಹೆಚ್ಚು ಹಿಡಿಸುವವನು ನಮ್ಮ ಜಿಲ್ಲೆಯವನೇ. 949ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ತಳ ಸೇರಿದ್ದಾನೆ, ಯಾರೂ ಮುಟ್ಟುವಂತಿಲ್ಲ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ನೀರೊಳಗೇ ಕೌರವ ಬೆವರುತ್ತಾನೆ. ತೊಡೆ ಮುರಿಯುವುದು ಆಮೇಲಿನ ಮಾತು. ಅವನನ್ನು ಮೇಲಕ್ಕೆಳೆದದ್ದು ಬೈಗುಳ ತಾಳದ ಅವನ ಛಲ. ವರದ ಕಿಂಡಿ ಹುಡುಕುತ್ತಿದ್ದ ಕತೆ ರನ್ನನಲ್ಲಿ ಎದೆಯ ಕಿಂಡಿ ಹುಡುಕಿತು. ‘ಹೇಗೆ ಸತ್ತ’ ಎಂದು ಕೇಳುತ್ತಿದ್ದವರು ‘ಅಯ್ಯೋ ಸತ್ತನಲ್ಲ’ ಅನ್ನತೊಡಗಿದರು. ಬಿ.ಎಂ.ಶ್ರೀ. ಈ ಕಾವ್ಯವನ್ನು ದುರಂತ ನಾಟಕವಾಗಿಸಿದ್ದು ಸುಮ್ಮನೆ ಅಲ್ಲ.

ಕುವೆಂಪು ಇನ್ನೂ ಮುಂದೆ ಹೋದರು. ‘ಶ್ರೀ ರಾಮಾಯಣ ದರ್ಶನಂ’ನ ರಾವಣ ಕನಸಿನಲ್ಲಿ ಸೀತೆಯ ಮಡಿಲ ಕೂಸಾಗುತ್ತಾನೆ. ಬಾಣ ಬೀಳುವ ಮೊದಲೇ ಒಳಗಿನ ರಾಕ್ಷಸ ಮುಗಿದಿರುತ್ತಾನೆ. ಸಿನಿಮಾಕ್ಕೆ ಇಂಥ ತಾಳ್ಮೆ ಇಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಕಂಬ ಒಡೆಯಲೇಬೇಕಿತ್ತು, ಆದರೂ ಮನೆಗೆ ಬರುವಾಗ ನೆನಪಿನಲ್ಲಿ ಉಳಿದವರು ಹಿರಣ್ಯಕಶಿಪು ರಾಜ್‌ಕುಮಾರ್.

ಖಳ ಯಾರು ಅನ್ನುವುದು ಕತೆ ಹೇಳುವವನ ಊರಿನ ಮೇಲೂ ನಿಂತಿದೆ. ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿ ನಮಗೆ ನಾಯಕ. ಕಲ್ಕಿಯವರ ತಮಿಳು ಕಾದಂಬರಿ ‘ಶಿವಗಾಮಿಯಿನ್ ಶಪಥಂ’ನಲ್ಲಿ ಕಂಚಿಯ ಮೇಲೆ ದಂಡೆತ್ತಿ ಬರುವ ಶತ್ರು ಅವನೇ. 642ರಲ್ಲಿ ಬಾದಾಮಿಯನ್ನು, ಅಂದಿನ ವಾತಾಪಿಯನ್ನು, ಗೆದ್ದು ‘ವಾತಾಪಿಕೊಂಡ’ ಎನಿಸಿಕೊಂಡ ಪಲ್ಲವ ದೊರೆಯ ಹೆಸರು ನರಸಿಂಹವರ್ಮ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ.