ಹೆಸರು ಹೇಳದ ದೊರೆ

ಮೊನ್ನೆ ‘ಎ ಮೋಸ್ಟ್ ವಾಂಟೆಡ್ ಮ್ಯಾನ್’ ಎಂಬ, 2014ರಲ್ಲಿ ತೆರೆಕಂಡ ಗೂಢಚಾರರ ಚಿತ್ರವನ್ನು ನೋಡಿದೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಭಯೋತ್ಪಾದಕರ ಜಾಡು ಹಿಡಿದ ಅಧಿಕಾರಿಯೊಬ್ಬ, ನೊಂದು ಬಂದ ಒಬ್ಬ ತರುಣನ ಮೂಲಕ ಅವನಿಗಿಂತ ದೊಡ್ಡವರನ್ನು ತಲಪಲು ಹವಣಿಸುತ್ತಾನೆ. ಹೊಡೆದಾಟ ಹೆಚ್ಚಿಲ್ಲ, ನಡೆಯುವುದೆಲ್ಲ ವಿಶ್ವಾಸ ಗಳಿಸುವ ಕೆಲಸ. ಕೊನೆಗೆ ಆ ವಿಶ್ವಾಸವೇ ತರುಣನಿಗೆ ಉರುಳಾಗುತ್ತದೆ. ಚಿತ್ರ ಮುಗಿದಾಗ ನನ್ನ ಮನಸ್ಸು ಹೋದದ್ದು ಸುರಪುರಕ್ಕೆ.

ನಮ್ಮ ದೇವದುರ್ಗದ ಕಡೆಯಿಂದ ಹೊರಟು ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿದರೆ ಸುರಪುರ ದೂರವೇನಲ್ಲ. ಅಲ್ಲಿ ಗುಡ್ಡದ ಮೇಲೆ ಮೆಡೋಸ್ ಟೇಲರನ ಬಂಗಲೆಯಿದೆ. ಈತ ತಾರುಣ್ಯದಲ್ಲಿ ಠಗ್ಗರ ವಿಚಾರಣೆಯಲ್ಲಿ ಕೈಯಾಡಿಸಿದವನು. ಸಿಕ್ಕವನಿಗೆ ಜೀವದ ಆಸೆ ತೋರಿಸಿ, ಅವನ ಬಾಯಿಂದಲೇ ಜೊತೆಗಾರರ ಹೆಸರು ಹೊರಡಿಸುವುದು ಆ ವಿಚಾರಣೆಯ ಕ್ರಮವಾಗಿತ್ತು. 1839ರಲ್ಲಿ ಅವನಿಗೆ ಕೀರ್ತಿ ತಂದ ಕಾದಂಬರಿ ಹುಟ್ಟಿದ್ದೂ ಅಂಥ ತಪ್ಪೊಪ್ಪಿಗೆಗಳಿಂದಲೇ.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ವೆಂಕಟಪ್ಪನಾಯಕ ಎಳೆಯ ಹುಡುಗ. ಹುಡುಗನು ಸಾಹೇಬನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಬೋನಾಳದ ಕೆರೆಯನ್ನು ಹಿಗ್ಗಿಸಿ, ಸಂಸ್ಥಾನದ ಲೆಕ್ಕಪತ್ರಗಳನ್ನು ಸರಿಪಡಿಸಿ, 1853ರಲ್ಲಿ ಟೇಲರ್ ಆಡಳಿತವನ್ನು ಪ್ರಾಯಕ್ಕೆ ಬಂದ ದೊರೆಗೆ ಒಪ್ಪಿಸಿದನು. ಅದೇ ವರ್ಷ ನಿಜಾಮರಿಂದ ನಮ್ಮ ರಾಯಚೂರು ದೋಆಬು ಇಂಗ್ಲಿಷರ ಕೈಸೇರಿತು.

1857ರ ದಂಗೆಯ ಗಾಳಿ ಇತ್ತಲೂ ಬೀಸಿತು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ಇಂಗ್ಲಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಮಡಿದನು. ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಆಗ ಸೆರೆಮನೆಗೆ ಬಂದವನು ಅದೇ ‘ಅಪ್ಪ’. ತರುಣನು ಅವನನ್ನು ತಬ್ಬಿಕೊಂಡು ಅತ್ತನು. ಆದರೆ ಪ್ರಚೋದಿಸಿದವರು ಯಾರೆಂಬ ಮಾತು ಬಂದಾಗ ಹೆಸರು ಹೇಳಲೊಲ್ಲೆನೆಂದನು. ಕಳ್ಳನ ಹಾಗೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿದರೆ ಅಲುಗದೆ ನಿಲ್ಲುವೆನೆಂದನು. ಇದೆಲ್ಲ ಟೇಲರನ ಆತ್ಮಕಥೆಯಲ್ಲಿದೆ. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಅದು ಅಚ್ಚಾಯಿತು.

ಟೇಲರ್ ಹುಡುಗನ ಪರವಾಗಿ ವಾದಿಸಿದನೆಂಬುದೂ ನಿಜ. ಮರಣದಂಡನೆ ದೇಶಾಂತರವಾಸಕ್ಕೂ, ಬಳಿಕ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಗೂ ಇಳಿಯಿತು. ಆದರೆ ಆ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ದೊರೆ ಪ್ರಾಣಬಿಟ್ಟನು. ಸುರಪುರ ನಿಜಾಮರ ಪಾಲಾಯಿತು.

ಟೇಲರನನ್ನು ಖಳನೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಚಿತ್ರದ ಅಧಿಕಾರಿಯೂ ಖಳನಲ್ಲ. ಇಬ್ಬರಿಗೂ ಎದುರಿನ ಹುಡುಗನ ಮೇಲೆ ಮರುಕವಿದೆ. ಮರುಕವಿದ್ದೇ ಆ ಪ್ರಶ್ನೆ ಕೇಳುತ್ತಾರೆ. ಕಷ್ಟವಿರುವುದು ಇಲ್ಲಿಯೇ. ಬಾಂಬು ಸಿಡಿಸುವವರಿಂದ ಜನರನ್ನು ಕಾಯುವ ಸರಕಾರಕ್ಕೆ ಹೆಸರುಗಳು ಬೇಕು, ನಾನು ಅಲ್ಲಗಳೆಯಲಾರೆ. ಆದರೆ ‘ಅಪ್ಪಾ’ ಎಂದು ಕೊರಳಿಗೆ ಬಿದ್ದವನಿಂದ ಆ ಹೆಸರುಗಳನ್ನು ಪಡೆಯಬಹುದೆ?

ವೆಂಕಟಪ್ಪನಾಯಕ ಬಾಯಿಬಿಟ್ಟಿದ್ದರೆ ಇನ್ನೆಷ್ಟು ಮನೆಗಳ ಮುಂದೆ ಸಿಪಾಯಿಗಳು ನಿಲ್ಲುತ್ತಿದ್ದರೋ! ಆ ಮನೆಗಳವರ ಮಕ್ಕಳು ಮೊಮ್ಮಕ್ಕಳು ನಮ್ಮ ಸುತ್ತಮುತ್ತಲೇ ಇದ್ದಾರು. ತಾವು ಯಾರ ಮೌನದಿಂದ ಉಳಿದೆವೆಂಬುದು ಅವರಿಗೇ ತಿಳಿಯದು.