ರುಬಿಕಾನ್ ಕಾಡುದಾರಿ: ಬಳಸುವವರೇ ಉಳಿಸಿಕೊಂಡ ಕಥೆ

ಸಮಾಜ ವಿಜ್ಞಾನದ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಎರಡು ಉತ್ತರಗಳಿವೆ. ಅಶೋಕನು ರಸ್ತೆಯ ಬದಿಯಲ್ಲಿ ಮರಗಳನ್ನು ನೆಡಿಸಿದನು. ಶೇರ್ ಷಾ ಹೆದ್ದಾರಿಯನ್ನು ಮಾಡಿಸಿದನು. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕಿತ್ತು. ರಾಜ ಹೋದ ಮೇಲೆ ಆ ದಾರಿಯ ಗುಂಡಿ ಮುಚ್ಚಿದವರು ಯಾರು, ಮಳೆಗೆ ಕೊಚ್ಚಿಹೋದ ಮಣ್ಣನ್ನು ಮತ್ತೆ ತಂದು ಹಾಕಿದವರು ಯಾರು ಎಂಬ ಪ್ರಶ್ನೆ ಮಾತ್ರ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡು ಎಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದಾಗ, ಹಾಗೆ ದಾರಿಯೊಂದನ್ನು ಉಳಿಸಿಕೊಂಡವರ ಕಥೆಯನ್ನೇ ಬರೆಯೋಣ ಅನ್ನಿಸಿತು. ಕಥೆ ದೂರದೇಶದ್ದು. ಆದರೆ ನಮ್ಮೂರಿನವರಿಗೆ ಅದು ತೀರ ಹೊರಗಿನದು ಅನ್ನಿಸಲಾರದು ಎಂದು ನನ್ನ ನಂಬಿಕೆ.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಇದ್ದೆ. ಆ ನಗರದ ಪೂರ್ವಕ್ಕೆ ಸಿಯೆರಾ ನೆವಾಡಾ ಎಂಬ ಪರ್ವತ ಶ್ರೇಣಿ ಇದೆ. ಅದರ ಕಾಡಿನೊಳಗೆ, ಜಾರ್ಜ್‌ಟೌನ್ ಎಂಬ ಹಳೆಯ ಚಿನ್ನದ ಗಣಿಯ ಊರಿನ ಕಡೆಯಿಂದ ಟಾಹೋ ಸರೋವರದ ಕಡೆಗೆ, ಸುಮಾರು 35 ಕಿಲೋಮೀಟರ್ ಉದ್ದದ ಒಂದು ದಾರಿ ಹೋಗುತ್ತದೆ. ಅದರ ಹೆಸರು ರುಬಿಕಾನ್ ಟ್ರೇಲ್. ಟಾರಿಲ್ಲ, ಜಲ್ಲಿಯಿಲ್ಲ. ಗ್ರಾನೈಟ್ ಬಂಡೆಗಳನ್ನು ಹತ್ತಿ ಇಳಿದು, ಪೈನ್ ಮರಗಳ ಬುಡ ಸವರಿಕೊಂಡು ಸಾಗಬೇಕು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಜೀಪುಗಳು ಕೂಡ ಇಲ್ಲಿ ಮನುಷ್ಯ ನಡೆಯುವಷ್ಟು ವೇಗದಲ್ಲಿ ಹೋದರೆ ಅದೇ ಹೆಚ್ಚು. ದಾಟುವವರು ಸಾಮಾನ್ಯವಾಗಿ ನಡುವೆ ಕಾಡಿನಲ್ಲೇ ರಾತ್ರಿ ತಂಗುತ್ತಾರೆ. ಚಳಿಗಾಲದಲ್ಲಿ ದಾರಿಯ ಮೇಲೆ ಹಿಮ ಬಿದ್ದು ಎಲ್ಲ ಮುಚ್ಚಿಹೋಗುತ್ತದೆ.

ಈ ದಾರಿಯನ್ನು ಮೊದಲು ತುಳಿದವರು ಅಲ್ಲಿನ ಮೂಲನಿವಾಸಿಗಳು. ಟಾಹೋ ಸರೋವರದ ಸುತ್ತ ಬದುಕಿದ್ದ ವಾಶೋ ಜನರಿಗೆ ಇದು ಬೆಟ್ಟದಾಚೆಯ ಸಂಪರ್ಕದ ದಾರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾರಿಯ ನಡುವಿನ ರುಬಿಕಾನ್ ಸ್ಪ್ರಿಂಗ್ಸ್ ಎಂಬಲ್ಲಿನ ಖನಿಜಯುಕ್ತ ನೀರಿನ ಬುಗ್ಗೆ ಪ್ರಸಿದ್ಧವಾಯಿತು. ಅದರ ನೀರು ಕುಡಿದರೆ ಆರೋಗ್ಯ ಎಂದು ಜನ ಬರತೊಡಗಿದರು. ಹೋಟೆಲು ಬಂತು, ಸರೋವರದ ಕಡೆಯಿಂದ ಕುದುರೆಗಾಡಿ ಓಡಿತು. 1887ರಲ್ಲಿ ಎಲ್ ಡೊರಾಡೊ ಕೌಂಟಿ, ಅಂದರೆ ನಮ್ಮಲ್ಲಿನ ಜಿಲ್ಲೆಯಂಥ ಆಡಳಿತ, ಇದನ್ನು ಸಾರ್ವಜನಿಕ ರಸ್ತೆ ಎಂದು ಘೋಷಿಸಿತು. ಸರ್ಕಾರಿ ಭೂಮಿಯ ಮೇಲೆ ಜನರು ರಸ್ತೆ ಮಾಡಿಕೊಳ್ಳಲು 1866ರ ಒಂದು ಕಾನೂನು ಅವಕಾಶ ಕೊಟ್ಟಿತ್ತು. 1976ರಲ್ಲಿ ಆ ಕಾನೂನು ರದ್ದಾಯಿತು. ಆದರೆ ಅಷ್ಟರೊಳಗೆ ಹುಟ್ಟಿದ ದಾರಿಯ ಹಕ್ಕುಗಳು ಉಳಿದುಕೊಂಡವು. ಹಳೆಯ ಕಡತದ ಒಂದು ಹಾಳೆಗೆ ಎಷ್ಟು ಬೆಲೆ ಎಂಬುದು ಮುಂದೆ ಗೊತ್ತಾಗುತ್ತದೆ.

ಕಾಲ ಸರಿದಂತೆ ಹೋಟೆಲಿನ ವೈಭವ ಮುಗಿಯಿತು, ಗಾಡಿಗಳು ನಿಂತವು. ದಾರಿಗೆ ಮತ್ತೆ ಜೀವ ಬಂದದ್ದು ಎರಡನೆಯ ಮಹಾಯುದ್ಧದ ಜೀಪಿನಿಂದ. ಸೈನ್ಯಕ್ಕೆಂದು ತಯಾರಾದ ಜೀಪು ಯುದ್ಧ ಮುಗಿದ ಮೇಲೆ ರೈತರ, ಬೇಟೆಗಾರರ, ಸಾಮಾನ್ಯರ ಕೈಗೆ ಬಂತು. ಮಲೆನಾಡಿನಲ್ಲಿ ಅಡಿಕೆ ಮೂಟೆಯಿಂದ ಹಿಡಿದು ಹೆರಿಗೆಯ ಹೆಣ್ಣುಮಕ್ಕಳವರೆಗೆ ಎಲ್ಲರನ್ನೂ ಹೊತ್ತ ಮಹೀಂದ್ರ ಜೀಪು ಕೂಡ ಅದೇ ವಿಲ್ಲಿಸ್ ಜೀಪಿನ ವಂಶದ್ದು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಅದನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತ್ತು. ಇತ್ತ ಜೀಪು ದುಡಿಮೆಗೆ ಇಳಿದ ಕಾಲದಲ್ಲೇ ಅತ್ತ ವಿನೋದಕ್ಕೂ ಬಂತು. 1953ರ ಆಗಸ್ಟ್ ತಿಂಗಳಲ್ಲಿ ಮಾರ್ಕ್ ಸ್ಮಿತ್ ಮತ್ತು ಜಾರ್ಜ್‌ಟೌನಿನ ಅವರ ಗೆಳೆಯರು 55 ಜೀಪುಗಳಲ್ಲಿ 155 ಜನರನ್ನು ರುಬಿಕಾನ್ ದಾಟಿಸಿದರು. ತಮ್ಮ ಸಣ್ಣ ಊರಿಗೆ ನಾಲ್ಕು ಜನ ಬರಲಿ, ನಾಲ್ಕು ಕಾಸು ಓಡಾಡಲಿ ಎಂಬುದೂ ಅದರ ಉದ್ದೇಶವಾಗಿತ್ತು. ಜೀಪರ್ಸ್ ಜಂಬೊರಿ ಎಂದು ಹೆಸರಾದ ಆ ಯಾತ್ರೆ ವರ್ಷ ವರ್ಷ ಬೆಳೆಯಿತು. ಮುಂದೆ ಜೀಪಿನ ಒಂದು ಮಾದರಿಗೇ ರುಬಿಕಾನ್ ಎಂಬ ಹೆಸರು ಬಂತು.

ಜನ ಹೆಚ್ಚಾದಂತೆ ಕಷ್ಟವೂ ಹೆಚ್ಚಿತು. ಇದು ಒಂದು ಕಾಡಿನ ಸಮಸ್ಯೆಯಾಗಿ ಉಳಿಯಲಿಲ್ಲ. 1971ರಲ್ಲಿ ಕ್ಯಾಲಿಫೋರ್ನಿಯಾ ಇಂಥ ವಾಹನಗಳ ನೋಂದಣಿಗೆ ಕಾನೂನು ತಂದಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್, ಸರ್ಕಾರಿ ಭೂಮಿಯಲ್ಲಿ ವಾಹನ ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತು ಮಾಡಬೇಕೆಂದು ಆದೇಶಿಸಿದರು. 2005ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಇನ್ನೂ ಬಿಗಿಯಾದ ನಿಯಮ ಮಾಡಿತು. ನಕ್ಷೆಯಲ್ಲಿ ಗುರುತಿಸಿದ ದಾರಿ ಬಿಟ್ಟು ರಾಷ್ಟ್ರೀಯ ಅರಣ್ಯದಲ್ಲಿ ಬೇರೆಲ್ಲೂ ವಾಹನ ಓಡಿಸುವಂತಿಲ್ಲ ಎಂಬುದು ಅದರ ಸಾರ.

ಜೀಪು ಹೋದರೆ ಕಾಡಿಗೆ ಏನಾಗುತ್ತದೆ? ನಮ್ಮ ಕಡೆಯ ಮಣ್ಣಿನ ರಸ್ತೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚಕ್ರ ಹೋದಲ್ಲಿ ಜಾಡು ಬೀಳುತ್ತದೆ. ಜಾಡಿನಲ್ಲಿ ನೀರು ಹರಿಯುತ್ತದೆ. ಹರಿದ ನೀರು ಮಣ್ಣು ಕೊರೆಯುತ್ತದೆ. ಕೊರಕಲು ಆಳವಾದಾಗ ಚಾಲಕ ಪಕ್ಕದಿಂದ ಹೋಗುತ್ತಾನೆ, ಅಲ್ಲೊಂದು ಹೊಸ ಜಾಡು ಹುಟ್ಟುತ್ತದೆ. ಹೀಗೆ ಒಂದು ದಾರಿ ನಾಲ್ಕಾಗಿ ಕಾಡು ಸವೆಯುತ್ತದೆ. ರುಬಿಕಾನಿನಲ್ಲಿ ಇದರ ಜೊತೆಗೆ ಬಂಡೆಗೆ ಬಡಿದು ಸೋರಿದ ಎಣ್ಣೆಯಿತ್ತು, ತಂಗಿದವರು ಬಿಟ್ಟುಹೋದ ಮಲವಿತ್ತು. ಅಲ್ಲಿನ ಹೊಳೆ ಅಮೆರಿಕನ್ ನದಿಯನ್ನು ಸೇರುತ್ತದೆ, ಆ ನದಿ ಸ್ಯಾಕ್ರಮೆಂಟೊಗೆ ಬರುತ್ತದೆ. ನಗರದ ನಲ್ಲಿಯಲ್ಲಿ ನಾನು ಕುಡಿದ ನೀರಿಗೂ ಆ ಬೆಟ್ಟದ ದಾರಿಗೂ ಸಂಬಂಧವಿತ್ತು.

2001ರಲ್ಲಿ, ದಾರಿಯನ್ನು ಮುಚ್ಚಬೇಕೆಂಬ ಮಾತು ಬಲವಾಗುತ್ತಿದ್ದಾಗ, ಅದನ್ನು ಬಳಸುವವರೇ ಸೇರಿ ಫ್ರೆಂಡ್ಸ್ ಆಫ್ ದಿ ರುಬಿಕಾನ್ ಎಂಬ ಬಳಗ ಕಟ್ಟಿದರು. ರುಬಿಕಾನಿನ ಗೆಳೆಯರು ಎಂದು ಅದರ ಅರ್ಥ. ನಮಗೆ ಹಕ್ಕಿದೆ ಎಂದು ಕೂಗುವುದಕ್ಕಿಂತ ಗುದ್ದಲಿ ಹಿಡಿಯುವುದು ಮುಖ್ಯ ಎಂದು ಅವರು ತೀರ್ಮಾನಿಸಿದರು. ಆದರೂ ಪರೀಕ್ಷೆಗಳು ತಪ್ಪಲಿಲ್ಲ. 2004ರಲ್ಲಿ ದಾರಿಯ ಪಕ್ಕದ ಸ್ಪೈಡರ್ ಲೇಕ್ ಎಂಬ ಕೆರೆಯ ಬಳಿ ತಂಗುವುದನ್ನು ಮಲಿನತೆಯ ಕಾರಣಕ್ಕೆ ನಿಲ್ಲಿಸಬೇಕಾಯಿತು. 2009ರಲ್ಲಿ ಆ ಪ್ರದೇಶದ ಜಲ ಗುಣಮಟ್ಟ ನಿಯಂತ್ರಣ ಮಂಡಳಿಯು ಕೌಂಟಿಗೂ ಅರಣ್ಯ ಇಲಾಖೆಗೂ ಆದೇಶ ಹೊರಡಿಸಿತು. ಹೊಳೆಗೆ ಸೇರುವ ಮಣ್ಣು, ಎಣ್ಣೆ, ಹೊಲಸನ್ನು ತಡೆಯಬೇಕು ಎಂದಿತು. ಆದೇಶ ಪಾಲಿಸದಿದ್ದರೆ ದಾರಿಗೆ ಬೀಗ ಬೀಳುವ ಭಯ ಎಲ್ಲರಿಗೂ ಇತ್ತು.

ಬೀಗ ಬೀಳಲಿಲ್ಲ. ಅದಕ್ಕೆ ಕಾರಣ ಒಂದಲ್ಲ. 1887ರ ಆ ಘೋಷಣೆ ಕೌಂಟಿಯ ಕೈಯಲ್ಲಿತ್ತು, ಆದ್ದರಿಂದ ಇದು ಸಾರ್ವಜನಿಕ ದಾರಿ ಎಂಬ ವಾದಕ್ಕೆ ನೆಲೆಯಿತ್ತು. ಕೌಂಟಿ ಯೋಜನೆ ಮಾಡಿತು, ಅರಣ್ಯ ಇಲಾಖೆ 2012ರಲ್ಲಿ ದಾರಿಯ ಹಕ್ಕನ್ನು ಕಾಗದದ ಮೇಲೆ ಕೌಂಟಿಗೆ ಬರೆದುಕೊಟ್ಟಿತು. ವಾಹನಗಳು ನೀರಿಗಿಳಿಯದಂತೆ ಎಲ್ಲಿಸ್ ತೊರೆಗೆ ಸೇತುವೆ ಬಂತು. ಇವೆಲ್ಲ ಸರ್ಕಾರದ ಪಾಲು. ಉಳಿದ ಪಾಲು, ವರ್ಷ ವರ್ಷ ಮಾಡಿದರೂ ಮುಗಿಯದ ಪಾಲು, ಸ್ವಯಂಸೇವಕರದ್ದು.

ಒಂದು ಬೇಸಿಗೆಯ ಶನಿವಾರ ಸಹೋದ್ಯೋಗಿಯೊಬ್ಬರ ಜೊತೆ ನಾನೂ ಆ ಕೆಲಸಕ್ಕೆ ಹೋಗಿದ್ದೆ. ಬಂದವರಲ್ಲಿ ಬಡಗಿ, ನರ್ಸ್, ನಿವೃತ್ತ ಶಿಕ್ಷಕ, ಮೆಕ್ಯಾನಿಕ್ ಎಲ್ಲರೂ ಇದ್ದರು. ಊಟದ ಬುತ್ತಿ ಅವರವರದೇ, ಪೆಟ್ರೋಲೂ ಅವರವರದೇ. ದಾರಿಗೆ ಅಡ್ಡವಾಗಿ ಓರೆಯಾಗಿ ದಿಂಡು ಕಟ್ಟಿ, ಹರಿಯುವ ನೀರನ್ನು ಬೇಗ ಪಕ್ಕಕ್ಕೆ ತಿರುಗಿಸುವುದು ಮೊದಲ ಕೆಲಸ. ಆ ನೀರು ನೇರ ಹೊಳೆಗೆ ಹೋಗದಂತೆ ಪಕ್ಕದಲ್ಲಿ ಸಣ್ಣ ಹೊಂಡ ಇರುತ್ತದೆ. ಮಣ್ಣು ಅದರಲ್ಲಿ ತಂಗಿ ತಿಳಿನೀರು ಮುಂದೆ ಹೋಗುತ್ತದೆ. ಹೋದ ವರ್ಷ ತುಂಬಿದ ಹೊಂಡದ ಹೂಳೆತ್ತುವುದು ನಮ್ಮ ತಂಡದ ಪಾಲಿಗೆ ಬಂತು. ಇನ್ನೊಂದು ತಂಡ ಪಕ್ಕದ ಕಳ್ಳಜಾಡುಗಳಿಗೆ ಬಂಡೆ ಉರುಳಿಸಿ ಬಾಯಿ ಮುಚ್ಚುತ್ತಿತ್ತು. ಮತ್ತೊಂದು ತಂಡ ದಾರಿಯ ಬಾಯಲ್ಲಿ ನಿಂತು ಬಂದವರಿಗೆ ಮಲ ಕಟ್ಟಿಕೊಂಡು ವಾಪಸು ಒಯ್ಯುವ ಚೀಲ ಕೊಡುತ್ತಿತ್ತು. ಸೋರಿದ ಎಣ್ಣೆ ಹೀರುವ ಸಾಮಗ್ರಿ ಜೊತೆಗಿದೆಯೇ, ಸಿಕ್ಕಿಬಿದ್ದ ಜೀಪನ್ನು ಎಳೆಯುವಾಗ ಮರದ ತೊಗಟೆ ಸುಲಿಯದಂತೆ ಸುತ್ತುವ ಅಗಲವಾದ ಪಟ್ಟಿ ಇದೆಯೇ ಎಂದು ವಿಚಾರಿಸುತ್ತಿತ್ತು. ಸಂಜೆಯ ಹೊತ್ತಿಗೆ ಕೈಯಲ್ಲಿ ಬೊಬ್ಬೆ ಎದ್ದಿತ್ತು. ನೋಡುವವರ ಕಣ್ಣಿಗೆ ಆದ ಕೆಲಸ ಏನೂ ಇರಲಿಲ್ಲ. ದಾರಿ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಹಾಗೇ ಇರಿಸುವುದೇ ಕೆಲಸ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಇದನ್ನು ಹೊಗಳಿಕೆಯಾಗಿ ಮಾತ್ರ ಬರೆದರೆ ಇತಿಹಾಸವಾಗುವುದಿಲ್ಲ. ಜೀಪುಗಳೇ ಹೋಗದಿದ್ದರೆ ಇಷ್ಟು ರಿಪೇರಿಯೇ ಬೇಕಿರಲಿಲ್ಲ ಎನ್ನುವ ಪರಿಸರವಾದಿಗಳ ಮಾತಿನಲ್ಲಿ ಸತ್ಯವಿದೆ. ಮಂಡಳಿಯ ಆದೇಶದ ಬಿಸಿ ತಾಗದಿದ್ದರೆ ಎಷ್ಟೋ ಕೆಲಸ ಹಿಂದೆ ಬೀಳುತ್ತಿತ್ತು ಎಂಬುದೂ ಅಷ್ಟೇ ಸತ್ಯ. ಕಾನೂನು ಒಂದೇ ಇದ್ದಿದ್ದರೆ ಗೇಟು ಬೀಳುತ್ತಿತ್ತು. ಉತ್ಸಾಹ ಒಂದೇ ಇದ್ದಿದ್ದರೆ ಹೊಳೆ ಹಾಳಾಗುತ್ತಿತ್ತು. ಎರಡೂ ಒಂದನ್ನೊಂದು ಎಳೆದಾಡಿದ್ದರಿಂದ ದಾರಿ ಉಳಿಯಿತು.

ಇಷ್ಟು ಓದಿ ನಮ್ಮ ಯುವಕರು ಜೀಪು, ಬೈಕು ತೆಗೆದುಕೊಂಡು ಕಾಡಿಗೆ ಹೊರಡಬಾರದು. ನಮ್ಮ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಘಟ್ಟದ ನೆತ್ತಿಯ ಹುಲ್ಲುಗಾವಲು ಸಿಯೆರಾದ ಗ್ರಾನೈಟ್ ಬಂಡೆಯಲ್ಲ. ಅಲ್ಲಿ ಚಕ್ರ ಗೀರಿದ ಗಾಯ ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ನಾವು ಆ ಜನರಿಂದ ತರಬೇಕಾದದ್ದು ಅವರ ಜೀಪಿನ ಹುಚ್ಚನ್ನಲ್ಲ, ಗುದ್ದಲಿಯ ಅಭ್ಯಾಸವನ್ನು.

ಹಾಗೆ ನೋಡಿದರೆ ಆ ಅಭ್ಯಾಸ ನಮ್ಮಲ್ಲೇ ಇತ್ತು. ಮಳೆಗಾಲಕ್ಕೆ ಮೊದಲು ಮನೆಗೊಬ್ಬರಂತೆ ಬಂದು ರಸ್ತೆಯ ಚರಂಡಿ ಬಿಡಿಸುತ್ತಿದ್ದರು, ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುತ್ತಿದ್ದರು, ಮಾಡಿಗೆ ಹತ್ತಿ ಹೆಂಚು ಕೈಯಾಡಿಸುತ್ತಿದ್ದರು. ಇದಕ್ಕೆ ಯಾರೂ ಸ್ವಯಂಸೇವೆ ಎಂಬ ದೊಡ್ಡ ಹೆಸರು ಇಟ್ಟಿರಲಿಲ್ಲ. ನಮ್ಮ ಶಾಲೆ ಐವತ್ತು ವರ್ಷ ಮಳೆ ತಡೆದು ನಿಂತದ್ದೂ ಹೀಗೆ ಕೈಯಾಡಿಸಿದವರಿಂದಲೇ. ಅಡಿಗಲ್ಲಿನ ಮೇಲೆ ಅವರ ಹೆಸರು ಇಲ್ಲ.

ನನ್ನ ವೃತ್ತಿಯಲ್ಲೂ ಹೊಸದನ್ನು ಬರೆದವನಿಗೆ ಸಿಗುವ ಚಪ್ಪಾಳೆ, ಹಳೆಯದನ್ನು ಕೆಡದಂತೆ ನಡೆಸುವವನಿಗೆ ಸಿಗುವುದಿಲ್ಲ. ಆದರೆ ಊರು ನಡೆಯುವುದು ಎರಡನೆಯವನಿಂದ. ಮಹೋತ್ಸವದ ನೆನಪಿಗೆ ಕಮಾನು ಬರುತ್ತದೆ, ರಂಗಮಂದಿರ ಬರುತ್ತದೆ, ಬರಲಿ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ವಿನಂತಿ: ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರವನ್ನು ಶಾಲೆಗೆ ಮೀಸಲಿಡೋಣ. ಹೆಂಚು, ಚರಂಡಿ, ಗೇಟಿನಿಂದ ಬಸ್ ನಿಲ್ದಾಣದವರೆಗಿನ ಮಕ್ಕಳ ದಾರಿ, ಈ ಮೂರು ಕೆಲಸ ಸಾಕು. ಮುಂದಿನ ಮೇ ತಿಂಗಳಿಗೆ ನಾನು ಬರುತ್ತೇನೆ. ಗುದ್ದಲಿ ಊರಲ್ಲೇ ಯಾರಾದರೂ ಕೊಡಿ.